ಸಂಪಾದಕರ ಉತ್ತರ: ಮಗಳ ಅಂಗೈಯ ಜಡ್ಡು

ಪ್ರಿಯ ಸೋದರಿ,

ದಾವಣಗೆರೆಯಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ಕೈಸೇರಿ ಎರಡು ವಾರವಾಯಿತು. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಉಳಿದ ಓದುಗರಿಗೆ ವಿಷಯ ತಿಳಿಯಬೇಕಾದ್ದರಿಂದ ಪತ್ರದ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ನಿಮ್ಮ ಇಪ್ಪತ್ತೈದರ ಮಗಳು ಎಂಟು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದಾಳೆ. ಮೈ ಇಳಿಸಲು ಹೋಗುತ್ತಾಳೆಂದುಕೊಂಡು ಮೊದಲ ತಿಂಗಳ ಶುಲ್ಕವನ್ನು ನೀವೇ ಕೊಟ್ಟಿರಿ. ಈಗ ಅವಳು ನೆಲದಿಂದ ಅರವತ್ತು ಕಿಲೋ ಎತ್ತಿದ ವಿಡಿಯೊವನ್ನು ಮನೆಮಂದಿಗೆಲ್ಲ ತೋರಿಸುತ್ತಾಳೆ. ಓರಗಿತ್ತಿ ‘ಗಂಡುಬೀರಿ’ ಎಂದರು. ಹೆಣ್ಣು ನೋಡಲು ಬಂದವರು, ಮದುವೆಯಾದ ಮೇಲೆ ಇದೆಲ್ಲ ನಿಲ್ಲುತ್ತದೆ ತಾನೇ ಎಂದು ಕೇಳಿ ಹೋದರು. ಭಾರ ಎತ್ತಿದರೆ ಗರ್ಭಕೋಶ ಜಾರುತ್ತದೆಂದು ನಿಮ್ಮ ಅತ್ತೆಯವರು ಹೇಳುತ್ತಾರೆ. ಮನೆಗೆಲಸವೇ ವ್ಯಾಯಾಮವಾಗಿದ್ದ ಕಾಲ ನಮ್ಮದಲ್ಲವೇ ಎಂದು ನೀವೂ ಕೇಳಿದ್ದೀರಿ. ಕೊನೆಯ ಪುಟದಲ್ಲಿ, ‘ಮೆಹಂದಿ ಹಚ್ಚಬೇಕಾದ ಅಂಗೈ ಜಡ್ಡುಗಟ್ಟಿದೆ, ಮುಟ್ಟಿದರೆ ಸಂಕಟವಾಗುತ್ತದೆ, ನೀವಾದರೂ ಅವಳಿಗೆ ಬುದ್ಧಿ ಹೇಳಿ’ ಎಂದು ಬರೆದಿದ್ದೀರಿ.

ನಿಲ್ಲಿಸು ಎಂದು ನಾನು ಅವಳಿಗೆ ಹೇಳಲಾರೆ. ಆದರೆ ನಿಮ್ಮ ಪತ್ರದಲ್ಲಿರುವುದು ಹೆತ್ತವಳ ಕಳವಳವೆಂಬುದು ನನಗೆ ಅರ್ಥವಾಗಿದೆ, ಅದನ್ನು ಹಗುರವಾಗಿ ಕಾಣುವುದಿಲ್ಲ.

ಅಂಗೈಯಿಂದಲೇ ಆರಂಭಿಸುತ್ತೇನೆ. ಭಾರ ಎತ್ತುವ ಕಬ್ಬಿಣದ ಸಲಾಕೆ ಕೈಯಿಂದ ಜಾರದಿರಲೆಂದು ಅದರ ಮೇಲೆ ಅರದಂತೆ ಒರಟಾದ ಗೀರುಗಳಿರುತ್ತವೆ. ಬೆರಳುಗಳು ಅಂಗೈಗೆ ಸೇರುವಲ್ಲಿ ಆ ಗೀರುಗಳು ದಿನವೂ ಒತ್ತಿ, ಚರ್ಮ ದಪ್ಪವಾಗಿ, ನಾಲ್ಕು ಸಣ್ಣ ಗಂಟುಗಳಾಗುತ್ತವೆ. ನನ್ನ ಅಂಗೈಯಲ್ಲಿಯೂ ಅವು ಇವೆ. ನನ್ನ ತಾಯಿಯ ಅಂಗೈಯಲ್ಲಿಯೂ ಇದ್ದವು. ಅವರದು ಒನಕೆಯಿಂದ, ಬಾವಿಯ ಹಗ್ಗದಿಂದ, ಬೇಸಿಗೆಯಲ್ಲಿ ಕಟ್ಟಿಗೆ ಸೀಳುವ ಕೊಡಲಿಯ ಕಾವಿನಿಂದ ಬಂದವು. ಆ ಕೈ ಮುಟ್ಟಿದಾಗ ನಮ್ಮ ಮನೆಯಲ್ಲಿ ಯಾರೂ ಸಂಕಟಪಟ್ಟದ್ದು ನನಗೆ ನೆನಪಿಲ್ಲ. ನಿಮ್ಮ ತಾಯಿಯ ಕೈ ಹೇಗಿತ್ತೆಂದು ಒಮ್ಮೆ ನೆನಪಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಹೆಣ್ಣು ಭಾರ ಹೊರುವುದನ್ನು ನಮ್ಮ ಸಮಾಜ ಎಂದೂ ತಡೆದಿಲ್ಲ. ಅಡುಗೆ ಅನಿಲದ ಸಿಲಿಂಡರಿನಲ್ಲಿ 14.2 ಕಿಲೋ ಅನಿಲವಿರುತ್ತದೆ, ಕಬ್ಬಿಣದ ತೂಕವೂ ಸೇರಿದರೆ ಅದು ಸುಮಾರು ಮೂವತ್ತು ಕಿಲೋ. ಅದನ್ನು ಬಾಗಿಲಿನಿಂದ ಅಡುಗೆಮನೆಯವರೆಗೆ ಓರೆಯಾಗಿಸಿ, ಉರುಳಿಸಿ, ಒಲೆಯ ಕಟ್ಟೆಯ ಕೆಳಗೆ ತಳ್ಳುವವರು ಬಹುತೇಕ ಮನೆಗಳಲ್ಲಿ ಹೆಂಗಸರೇ. ತುಂಬಿದ ಕೊಡವೊಂದು ಹತ್ತು ಹದಿನೈದು ಕಿಲೋ ಇರುತ್ತದೆ, ಸೊಂಟದ ಮೇಲೊಂದು, ತಲೆಯ ಮೇಲೊಂದು ಹೊತ್ತು ಏರಿ ಇಳಿದು ಬರುವವರನ್ನು ನೀವೂ ನಾನೂ ನೋಡಿಯೇ ಬೆಳೆದಿದ್ದೇವೆ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಬಂದ ತಾಯಂದಿರು, ಮರಳಿನ ರಾಶಿಯ ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ಮಗುವನ್ನು ಮಲಗಿಸಿ, ಗಾರೆ ತುಂಬಿದ ಬಾಂಡಲಿಯನ್ನು ತಲೆಯ ಮೇಲಿಟ್ಟುಕೊಂಡು ಹಿಡಿಯಲು ಕಂಬಿಯಿಲ್ಲದ ಮೆಟ್ಟಿಲು ಹತ್ತುತ್ತಾರೆ. ಅವರ ಗರ್ಭಕೋಶದ ಬಗ್ಗೆ ಗುತ್ತಿಗೆದಾರರಾಗಲಿ, ಮನೆ ಕಟ್ಟಿಸುವವರಾಗಲಿ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ಹೊರೆ ಹೊತ್ತವಳಿಗಿಲ್ಲದ ಆಕ್ಷೇಪ ಭಾರ ಎತ್ತುವವಳಿಗೆ ಎದುರಾಗುತ್ತದೆ. ಮೊದಲಿನದು ಮನೆಯವರಿಗಾಗಿ, ಕೂಲಿಗಾಗಿ. ಎರಡನೆಯದನ್ನು ಅವಳು ತನಗಾಗಿ, ತನ್ನ ಸಮಯದಲ್ಲಿ, ತನ್ನ ಇಷ್ಟದಿಂದ ಮಾಡುತ್ತಾಳೆ. ನಿಮ್ಮ ಓರಗಿತ್ತಿಯವರನ್ನೂ ಗಂಡಿನ ಕಡೆಯವರನ್ನೂ ಕಾಡುತ್ತಿರುವುದು ಇದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮನೆಗೆಲಸವೇ ವ್ಯಾಯಾಮ ಎಂಬ ಮಾತಿಗೂ ಇಲ್ಲೇ ಉತ್ತರವಿದೆ. ಕೆಲಸ ದೇಹವನ್ನು ದಣಿಸುತ್ತದೆ ನಿಜ. ಆದರೆ ಅದು ಎಡಬಲ ನೋಡುವುದಿಲ್ಲ, ವಿಶ್ರಾಂತಿ ಕೊಡುವುದಿಲ್ಲ, ಇಪ್ಪತ್ತು ವರ್ಷ ಅದೇ ಕೊಡವನ್ನು ಅದೇ ಸೊಂಟದ ಮೇಲೆ ಹೊರಿಸುತ್ತದೆ. ವ್ಯಾಯಾಮದಲ್ಲಿ ಇಂದು ಹತ್ತು ಕಿಲೋ ಎತ್ತಿದವಳು ನಾಳೆ ಸುಮ್ಮನಿದ್ದು, ಮುಂದಿನ ವಾರ ಹನ್ನೆರಡಕ್ಕೆ ಏರುತ್ತಾಳೆ. ಎತ್ತಿದ ದಿನಕ್ಕಿಂತ ಸುಮ್ಮನಿದ್ದು, ಉಂಡು, ಮಲಗಿದ ಅವಧಿಯಲ್ಲಿಯೇ ಸ್ನಾಯು ಕೂಡಿಕೊಳ್ಳುತ್ತದೆ. ಆ ವಿಶ್ರಾಂತಿ ನಮ್ಮ ತಾಯಂದಿರಿಗೆ ಸಿಕ್ಕಿರಲಿಲ್ಲ.

ಇನ್ನು ‘ಗಂಡುಬೀರಿ’ ಎಂಬ ಮಾತು. ಭಾರ ಎತ್ತಿದ ಹೆಣ್ಣಿನ ಮೈ ಗಂಡಸಿನಂತಾಗುತ್ತದೆ ಎಂಬ ಭಯ ನಮ್ಮ ಓದುಗಿಯರಲ್ಲಿ ಅನೇಕರಿಗಿದೆ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ. ಗಂಡಸರ ಸ್ನಾಯು ದಪ್ಪವಾಗಲು ಮುಖ್ಯ ಕಾರಣ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು. ವಯಸ್ಕ ಗಂಡಸಿನ ರಕ್ತದಲ್ಲಿ ಅದು ಹೆಣ್ಣಿನಲ್ಲಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಾಗಿರುತ್ತದೆ. ಹೆಣ್ಣು ಭಾರ ಎತ್ತಿದರೆ ಬಲ ಚೆನ್ನಾಗಿಯೇ ಬರುತ್ತದೆ, ಗಾತ್ರ ಅಷ್ಟು ಸುಲಭವಾಗಿ ಬರುವುದಿಲ್ಲ. ಮಣಿಪುರದ ಮೀರಾಬಾಯಿ ಚಾನು ಅವರನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. 2021ರ ಜುಲೈ 24ರಂದು ಟೋಕಿಯೊ ಒಲಿಂಪಿಕ್ಸ್‌ನ 49 ಕಿಲೋ ವಿಭಾಗದಲ್ಲಿ ಅವರು ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಎರಡು ಬಗೆಯ ಎತ್ತುಗಳು ಸೇರಿ ಆದ ಮೊತ್ತ ಅದು. ಅದರಲ್ಲಿ ಮೊದಲು ಭುಜಕ್ಕೆ ತಂದು ಆಮೇಲೆ ತಲೆಯ ಮೇಲೆತ್ತಿದ್ದು 115 ಕಿಲೋ, ಅಂದರೆ ತಮ್ಮ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚು. ನಮ್ಮ ಯಾವ ಕಾಲೇಜಿನ ಅಂಗಳದಲ್ಲಿ ನಿಂತರೂ ಅವರು ಅಲ್ಲಿನ ಹುಡುಗಿಯರಲ್ಲಿ ಒಬ್ಬರಾಗಿ ಕಾಣುವಂಥ ಪುಟ್ಟ ಆಳು. ಅಂದು ಅವರ ಕಿವಿಯಲ್ಲಿ ಒಲಿಂಪಿಕ್ಸ್‌ನ ಐದು ಬಳೆಗಳ ಆಕಾರದ ಚಿನ್ನದ ಓಲೆಗಳಿದ್ದವು. ರಿಯೊ ಒಲಿಂಪಿಕ್ಸ್‌ಗೆ ಮೊದಲು, ಮಗಳಿಗೆ ಒಳ್ಳೆಯದಾಗಲೆಂದು ಅವರ ತಾಯಿ ತಮ್ಮ ಒಡವೆಗಳನ್ನು ಮಾರಿ ಮಾಡಿಸಿಕೊಟ್ಟವು ಅವು. ರಿಯೊದಲ್ಲಿ ಮೀರಾಬಾಯಿ ಸೋತರು, ಆದರೂ ತಾಯಿ ಕೊಟ್ಟ ಓಲೆ ಕಿವಿಯಲ್ಲಿಯೇ ಇತ್ತು. ಹೆಣ್ಣುಮಕ್ಕಳ ತಾಯಂದಿರಿಗೆ ನಾನು ಹೇಳಬೇಕೆಂದಿರುವ ಎಷ್ಟೋ ಮಾತುಗಳು ಆ ಜೊತೆ ಓಲೆಯಲ್ಲಿವೆ.

ಅವರಿಗಿಂತ ಎರಡು ದಶಕ ಮೊದಲು ನೆರೆಯ ಆಂಧ್ರದ ಶ್ರೀಕಾಕುಳಂ ಕಡೆಯ ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿಯಲ್ಲಿ 240 ಕಿಲೋ ಎತ್ತಿ ಕಂಚು ತಂದರು. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಭಾರ ಎತ್ತುವ ಸ್ಪರ್ಧೆ ಗಂಡಸರಿಗೆ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿಯೇ ಇತ್ತು, ಹೆಂಗಸರಿಗೆ ದೊರೆತದ್ದು ಅದೇ ಸಿಡ್ನಿಯಲ್ಲಿ, 104 ವರ್ಷಗಳ ನಂತರ. ಆದ್ದರಿಂದ ಈ ಹಿಂಜರಿಕೆ ನಮ್ಮೂರಿನದು ಮಾತ್ರವೇನಲ್ಲ. ನಮ್ಮಲ್ಲಿಯೂ ಗರಡಿ ಮನೆಯ ಕೆಂಪು ಮಟ್ಟಿಯ ಮೇಲೆ ಹೆಣ್ಣು ಕಾಲಿಡಬಾರದೆಂಬ ಕಟ್ಟುಪಾಡಿತ್ತು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲನ್ನು ಗಂಡಸರು ಎತ್ತುತ್ತಿದ್ದರು, ಹೆಂಗಸರು ದೂರದಲ್ಲಿ ನಿಂತು ನೋಡುತ್ತಿದ್ದರು. ಈಗ ಮೈಸೂರು ದಸರೆಯ ಅಖಾಡದಲ್ಲಿ ‘ದಸರಾ ಕಿಶೋರಿ’ ಪ್ರಶಸ್ತಿಗೆ ಹೆಣ್ಣುಮಕ್ಕಳು ಸೆಣಸುತ್ತಾರೆ.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಅದರ ಹಿಂದೆ ಅವರು ಕಣ್ಣಾರೆ ಕಂಡದ್ದಿದೆ. ಗರ್ಭಕೋಶ ಜಾರುವುದು ನಿಜವಾದ ಕಾಯಿಲೆ. ಹಲವು ಹೆರಿಗೆಗಳು, ಹೆರಿಗೆಯಲ್ಲಿ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಆದ ಪೆಟ್ಟು, ಮುಟ್ಟು ನಿಂತ ನಂತರದ ಸಡಿಲಿಕೆ, ವರ್ಷಗಟ್ಟಲೆ ಬಿಡದ ಕೆಮ್ಮು ಅಥವಾ ಮಲಬದ್ಧತೆ ಅದಕ್ಕೆ ದಾರಿ ಮಾಡುತ್ತವೆ. ಬಾಣಂತನ ಮುಗಿಯುವ ಮೊದಲೇ ಹೊಲಕ್ಕೆ, ಕೂಲಿಗೆ ಹೋಗಿ ಹೊರೆ ಹೊತ್ತ ಹೆಂಗಸರು ಇದರಿಂದ ನರಳಿದ್ದನ್ನು ಅತ್ತೆಯವರು ಕಂಡಿರಬಹುದು. ಆದರೆ ಇನ್ನೂ ಹೆರಿಗೆಯಾಗಿರದ, ಆರೋಗ್ಯವಂತಳಾದ ಹುಡುಗಿ ಹಂತಹಂತವಾಗಿ, ಉಸಿರು ಬಿಗಿಹಿಡಿದು ತಿಣುಕದೆ ಎತ್ತುವ ಭಾರವನ್ನು ಅದರೊಂದಿಗೆ ಸೇರಿಸಬಾರದು. ಮುಂದೆ ಹೆರಿಗೆಯಾದ ಮೇಲೆ ಮತ್ತೆ ಶುರುಮಾಡುವಾಗ ಅವಳು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ, ಬರಿಗೈಯ ವ್ಯಾಯಾಮದಿಂದ ಆರಂಭಿಸಲಿ. ಈಗಾಗಲೇ ಕೆಳಹೊಟ್ಟೆಯಲ್ಲಿ ಭಾರವೆನಿಸುವವರು, ಕೆಮ್ಮಿದರೆ ಮೂತ್ರ ಸೋರುವವರು ಕೂಡ ಮೊದಲು ತೋರಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರೆಲ್ಲರಿಗೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ, ಗಂಡಿಗೊಂದು ಹೆಣ್ಣಿಗೊಂದು ಎಂದು ಬೇರೆ ಮಾಡುವುದಿಲ್ಲ. ತೊಡಕಿಲ್ಲದ ಗರ್ಭಿಣಿಯರನ್ನೂ ಅದು ಹೊರಗಿಟ್ಟಿಲ್ಲ. ಮುಟ್ಟಿನ ದಿನಗಳ ಬಗ್ಗೆ ಕೇಳಿದ್ದೀರಿ: ಮೈಗೆ ಹಿತವೆನಿಸಿದರೆ ಮಾಡಬಹುದು, ಇಲ್ಲದಿದ್ದರೆ ಬಿಡಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ನೀವು ಆವರಣದಲ್ಲಿ ಬರೆದ ಒಂದು ಸಾಲು. ‘ಅಮ್ಮ, ನೀನೂ ಬಾ ಅನ್ನುತ್ತಾಳೆ. ಕೆಳಗೆ ಕೂತರೆ ಗೋಡೆ ಹಿಡಿಯದೆ ಏಳಲಾಗದ ನನಗೆ ನಗು ಬಂತು.’ ನಗಬೇಡಿ. ನನ್ನ ತಾಯಿ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಬಿದ್ದರು. ಬಿದ್ದದ್ದು ಒಂದು ಅಡಿ ಎತ್ತರದ ಮಣೆಯಿಂದ, ಮುರಿದದ್ದು ಸೊಂಟದ ಕೀಲು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಯಿತು. ಆದರೆ ಎದ್ದು ನಿಲ್ಲಲು ಬೇಕಾದ ತೊಡೆಯ ಬಲವೇ ಉಳಿದಿರಲಿಲ್ಲ. ಜೀವಮಾನವೆಲ್ಲ ಭಾರ ಹೊತ್ತ ಆ ಹೆಂಗಸು ಕೊನೆಯ ಮೂರು ವರ್ಷ ಇನ್ನೊಬ್ಬರ ತೋಳು ಹಿಡಿದೇ ಶೌಚಕ್ಕೆ ಹೋದರು, ಅದರಷ್ಟು ಅವರನ್ನು ನೋಯಿಸಿದ್ದು ಮತ್ತೊಂದಿಲ್ಲ. ಅವರು ಹೋದ ವರ್ಷವೇ, ಐವತ್ತಮೂರರ ವಯಸ್ಸಿನಲ್ಲಿ, ನಾನು ಜಿಮ್‌ಗೆ ಸೇರಿದೆ.

ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ಹೆಣ್ಣಿನ ಮೂಳೆ ಬೇಗಬೇಗನೆ ಸವೆಯುತ್ತದೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟು ನಿಂತ, ಮೂಳೆ ತೆಳುವಾಗಿದ್ದ 101 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆರಡು ಬಾರಿ, ಅರ್ಧ ಗಂಟೆಯಂತೆ, ತರಬೇತುದಾರರ ಕಣ್ಣೆದುರು ನಿಜವಾಗಿಯೂ ಭಾರವಾದದ್ದನ್ನೇ ಎತ್ತಿತು. ಇನ್ನೊಂದು ಮನೆಯಲ್ಲೇ ಹಗುರ ವ್ಯಾಯಾಮ ಮಾಡಿತು. ಎಂಟು ತಿಂಗಳ ನಂತರ ಭಾರ ಎತ್ತಿದವರ ಬೆನ್ನುಮೂಳೆಯ ಕೆಳಭಾಗದ ಸಾಂದ್ರತೆ ಸರಾಸರಿ ಶೇ 2.9ರಷ್ಟು ಹೆಚ್ಚಿತ್ತು, ಉಳಿದವರದು ಶೇ 1.2ರಷ್ಟು ಇಳಿದಿತ್ತು. ನೀವು ಪತ್ರದಲ್ಲಿ ಹೇಳಿದ ಮಂಡಿನೋವಿಗೂ ತೊಡೆಯ ಸ್ನಾಯುಗಳನ್ನು ಬಲಪಡಿಸುವುದು ಒಳ್ಳೆಯ ಪರಿಹಾರ. ಮೂಳೆ ವೈದ್ಯರಿಗೆ ಒಮ್ಮೆ ತೋರಿಸಿ. ಅವರು ಒಪ್ಪಿದರೆ, ಗಟ್ಟಿಯಾದ ಕುರ್ಚಿಯೊಂದರ ಮೇಲೆ ಕುಳಿತು, ಕೈ ಊರದೆ ಎದ್ದು ಕೂರುವುದನ್ನು ದಿನಕ್ಕೆ ಐದು ಬಾರಿ ಮಾಡಿ ನೋಡಿ. ಅಲ್ಲಿಂದ ಮುಂದಿನದನ್ನು ಮಗಳೇ ಹೇಳಿಕೊಡುತ್ತಾಳೆ.

ಜಿಮ್ ಎಂಬ ಜಾಗದ ಬಗ್ಗೆ ನಿಮಗಿರುವ ಅಳುಕಿನಲ್ಲಿ ಹುರುಳಿದೆ, ಅದನ್ನೂ ಹೇಳಬೇಕು. ನಾನು ಸೇರಿದ ಮೊದಲ ದಿನ ತರಬೇತುದಾರ ಹುಡುಗ ನನ್ನನ್ನು ಟ್ರೆಡ್‌ಮಿಲ್‌ನ ಕಡೆಗೆ ಕರೆದೊಯ್ದು, ಎರಡು ಕಿಲೋದ ಗುಲಾಬಿ ಬಣ್ಣದ ಡಂಬೆಲ್ ಕೈಗಿತ್ತು, ‘ಮೇಡಂ, ನಿಮಗೆ ಇಷ್ಟು ಸಾಕು’ ಎಂದ. ಮಾರುಕಟ್ಟೆಯಿಂದ ನಾನು ತರುವ ತರಕಾರಿ ಚೀಲ ಅದಕ್ಕಿಂತ ಭಾರವಿರುತ್ತದೆ. ಸಲಾಕೆಯ ಹತ್ತಿರ ಹೋದಾಗ ನಾಲ್ಕು ಜನ ಗಂಡಸರು ತಮ್ಮ ಕೆಲಸ ಬಿಟ್ಟು ನೋಡಿದರು, ಒಬ್ಬರು ಕೇಳದೆಯೇ ಬಂದು ನನ್ನ ಮೊಣಕೈ ಹಿಡಿದು ತಿದ್ದಿದರು. ಬೇಡವೆಂದು ಹೇಳಲು ನನಗೆ ಎರಡು ವಾರ ಬೇಕಾಯಿತು. ಅನೇಕ ಊರುಗಳಲ್ಲಿ ಹೆಂಗಸರಿಗೆ ಸಿಗುವುದು ಹಗಲಿನ ಹನ್ನೊಂದರ ಲೇಡೀಸ್ ಬ್ಯಾಚ್ ಮಾತ್ರ, ಉದ್ಯೋಗಕ್ಕೆ ಹೋಗುವ ಹುಡುಗಿಗೆ ಅದರಿಂದ ಉಪಯೋಗವಿಲ್ಲ. ಆದ್ದರಿಂದ ಮಗಳು ಹೋಗುವ ಜಾಗಕ್ಕೆ ನೀವೇ ಒಂದು ಬೆಳಿಗ್ಗೆ ಹೋಗಿ ಬನ್ನಿ. ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ ಇದೆಯೇ, ಮೈ ಮುಟ್ಟುವ ಮೊದಲು ತರಬೇತುದಾರರು ಕೇಳುತ್ತಾರೆಯೇ, ತೂಕ ಏರಿಸಲು ಅವಸರ ಮಾಡುತ್ತಾರೆಯೇ, ಹೆಸರು ಗೊತ್ತಿಲ್ಲದ ಪುಡಿಯ ಡಬ್ಬಿಗಳನ್ನು ಮಾರುತ್ತಾರೆಯೇ ಎಂದು ನೋಡಿ. ಸರಿಯಿಲ್ಲದಿದ್ದರೆ ಜಿಮ್ ಬದಲಿಸಲಿ, ವ್ಯಾಯಾಮ ಬಿಡುವುದು ಬೇಡ.

ಪುಡಿಗಿಂತ ಮುಖ್ಯವಾದದ್ದು ತಟ್ಟೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಮಗಳ ರಕ್ತ ಪರೀಕ್ಷೆ ಮಾಡಿಸಿ, ನಿಮ್ಮದನ್ನೂ ಮಾಡಿಸಿ. ರೊಟ್ಟಿಯ ಜೊತೆ ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ತಿನ್ನುವವರಾದರೆ ಮೊಟ್ಟೆ, ಇವು ಎಲ್ಲರೂ ಉಂಡ ನಂತರ ಉಳಿದಷ್ಟಲ್ಲದೆ ಮೊದಲ ಪಂಕ್ತಿಯಲ್ಲೇ ಅವಳ ತಟ್ಟೆಗೆ ಬೀಳಲಿ, ನಿಮ್ಮ ತಟ್ಟೆಗೂ ಬೀಳಲಿ.

ಕೊನೆಗೆ, ಪತ್ರದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಬರೆದ ಪ್ರಶ್ನೆ: ಗಂಡಿನ ಕಡೆಯವರಿಗೆ ‘ನಿಲ್ಲಿಸಿದ್ದಾಳೆ’ ಎಂದು ಸದ್ಯಕ್ಕೆ ಹೇಳಿಬಿಡಲೇ? ದಯವಿಟ್ಟು ಹೇಳಬೇಡಿ. ಆ ಸುಳ್ಳನ್ನು ನಿಜ ಮಾಡುವ ಕೆಲಸ ಮದುವೆಯ ಮರುದಿನದಿಂದ ಮಗಳ ತಲೆಗೆ ಬರುತ್ತದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಫೋನ್ ಮಾಡಿ, ವಾರಕ್ಕೆ ಮೂರು ದಿನ ಹೋಗುತ್ತಾಳೆ, ಅರವತ್ತು ಕಿಲೋ ಎತ್ತುತ್ತಾಳೆ, ಮದುವೆಯ ನಂತರವೂ ಹೋಗುತ್ತಾಳೆ ಎಂದು ತಿಳಿಸಿ. ಅವರು ಏನೆಂದರೆಂದು ನನಗೂ ಒಂದು ಸಾಲು ಬರೆಯಿರಿ.

ನಿಮ್ಮ ವಿಶ್ವಾಸಿ,
ಸಂಪಾದಕಿ