ಶಿಕ್ಷಣ ಪ್ರಶ್ನೋತ್ತರ: ಮಳೆಯ ಲೆಕ್ಕ, ಕೆರೆಯ ಅರ್ಜಿ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು: ಊರಿನ ಪರಿಸರದ ಸಮಸ್ಯೆಗಳನ್ನು ಮುಂದಿಟ್ಟುಕೊಂಡು ಮಕ್ಕಳಿಗೆ ಬರವಣಿಗೆಯನ್ನೂ ಗಣಿತವನ್ನೂ ಕಲಿಸಬಹುದೇ, ಕಲಿಸುವುದಾದರೆ ಹೇಗೆ ಎಂಬುದು. ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಿಂದ ಬಂದ ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಅವರ ಹೆಸರನ್ನೂ ಊರಿನ ಹೆಸರನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ಮತ್ತು ಏಳನೆಯ ತರಗತಿಗಳಿಗೆ ಕನ್ನಡ, ಗಣಿತ ಎರಡನ್ನೂ ನಾನೇ ಕಲಿಸುತ್ತೇನೆ. ‘ಪರಿಸರ ಮಾಲಿನ್ಯ’ ಎಂದು ಪ್ರಬಂಧದ ವಿಷಯ ಕೊಟ್ಟರೆ ಎಲ್ಲ ಮಕ್ಕಳೂ ಗೈಡಿನಲ್ಲಿರುವ ಒಂದೇ ಪ್ರಬಂಧವನ್ನು ಒಪ್ಪಿಸುತ್ತಾರೆ. ಊರಿನದೇ ವಿಷಯದಿಂದ ಆರಂಭಿಸಬೇಕೆಂದಿದ್ದೇನೆ. ಯಾವುದರಿಂದ ಶುರು ಮಾಡಲಿ?

ಉತ್ತರ: ಮಳೆಯಿಂದ ಶುರು ಮಾಡಿ. ಮಾಲಿನ್ಯ, ಅರಣ್ಯನಾಶ, ಜಾಗತಿಕ ತಾಪಮಾನ ಇವೆಲ್ಲ ದೊಡ್ಡವರ ಪದಗಳು. ಅವುಗಳ ಬಗ್ಗೆ ಮಗುವಿಗೆ ತನ್ನದೆಂದು ಹೇಳುವ ಮಾತು ಯಾವುದೂ ಇರುವುದಿಲ್ಲ. ಇಲ್ಲದಾಗ ಅದು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಖಾನೆಗಳಿಗೆ ಗೈಡಿನ ವಾಕ್ಯಗಳನ್ನು ತುಂಬುತ್ತದೆ. ಮಳೆಯಾದರೋ ನಿಮ್ಮ ತಾಲ್ಲೂಕಿನಲ್ಲಿ ಪ್ರತಿ ಮನೆಯ ಮಾತು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಬಂತೇ, ಅದಾದ ಮೇಲೆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತೇ ಎಂಬುದರ ಮೇಲೆ ಕಾಫಿಯ ಫಸಲು ನಿಂತಿರುವುದರಿಂದ, ತೋಟಗಳಲ್ಲಿ ಬೆಳಗಿನ ಹೊತ್ತು ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ರೂಢಿ ಬಹಳ ಹಿಂದಿನಿಂದ ಇದೆ. ಹತ್ತಿರದ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ ಆ ಪುಸ್ತಕವನ್ನು ಮಕ್ಕಳಿಗೆ ತೋರಿಸಲು ಅವರು ಸಂತೋಷದಿಂದಲೇ ಒಪ್ಪುತ್ತಾರೆ. ತಮ್ಮ ಪುಸ್ತಕವನ್ನು ಬೇರೆಯವರು ಓದಲು ಬಂದರೆಂಬ ಹೆಮ್ಮೆಯೂ ಅದರಲ್ಲಿ ಸ್ವಲ್ಪ ಇರುತ್ತದೆ.

ಶಾಲೆಗೂ ಒಂದು ಮಾಪಕ ಬೇಕು. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಬೇಕು. ಬಾಟಲಿಯ ತಳ ಸಮತಟ್ಟಾಗಿರುವುದಿಲ್ಲವಾದ್ದರಿಂದ, ಗೋಡೆ ನೇರವಾಗುವ ಮಟ್ಟದವರೆಗೆ ಮೊದಲೇ ನೀರು ತುಂಬಿಸಿ ಅಲ್ಲಿ ಸೊನ್ನೆಯ ಗೆರೆ ಎಳೆಯಬೇಕು. ಬಾಯಿ ಅಗಲವಾಗಿ ಒಡಲು ಕಿರಿದಾಗಿರುವ ಪಾತ್ರೆಯನ್ನು ಇಟ್ಟರೆ ಏನಾಗುತ್ತದೆ ಎಂದು ಮಕ್ಕಳನ್ನೇ ಕೇಳಿ. ಉತ್ತರವನ್ನು ನೀವು ಹೇಳಬೇಡಿ. ಎರಡೂ ಪಾತ್ರೆಗಳನ್ನು ಒಂದು ರಾತ್ರಿ ಅಕ್ಕಪಕ್ಕದಲ್ಲಿ ಇರಿಸಿ.

ತೋಟದವರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ: ನೂರು ಸೆಂಟಿಗೆ ಒಂದು ಇಂಚು. ದಶಮಾಂಶ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿಯನ್ನು ನಾನು ಕಂಡಿಲ್ಲ. ‘ಒಂದು ಇಂಚು ಐದು ಸೆಂಟು’ ಎಂದಾಗ ತರಗತಿಯ ಅರ್ಧದಷ್ಟು ಮಕ್ಕಳು 1.5 ಎಂದು ಬರೆಯುತ್ತಾರೆ, ಬರೆಯಬೇಕಾದದ್ದು 1.05. ಕಪ್ಪುಹಲಗೆಯ ಮೇಲೆ ಈ ತಪ್ಪನ್ನು ಎಷ್ಟು ಸಲ ತಿದ್ದಿದರೂ ಅದು ಮರುಕಳಿಸುತ್ತದೆ. ಆದರೆ ಒಂದು ಇಂಚಿಗೆ 25.4 ಮಿಲಿಮೀಟರ್ ಎಂದು ಗುಣಿಸಿದಾಗ ಒಬ್ಬನಿಗೆ 26.67 ಮಿ.ಮೀ., ಇನ್ನೊಬ್ಬನಿಗೆ 38.1 ಮಿ.ಮೀ. ಬಂದು, ಎದುರಿಗಿರುವ ಬಾಟಲಿಯ ನೀರು ಮೊದಲನೆಯವನ ಪರವಾಗಿ ಸಾಕ್ಷಿ ಹೇಳಿದರೆ, ಸೊನ್ನೆಯ ಬೆಲೆ ಏನೆಂದು ಮಗು ಮರೆಯುವುದಿಲ್ಲ. ಮುಂದೆ ಶಾಲೆಯ ಸೂರಿನ ಲೆಕ್ಕಕ್ಕೆ ಹೋಗಬಹುದು. ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲದ ಸೂರಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 83 ಘನ ಅಡಿ, ಅಂದರೆ ಹತ್ತಿರಹತ್ತಿರ 2,360 ಲೀಟರ್ ನೀರಾಗುತ್ತದೆ. ಬಿಸಿಯೂಟದ ಅಡುಗೆಗೆ ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕೆಂದು ಅಡುಗೆಯವರನ್ನು ಕೇಳಿ ಬಂದರೆ ಆ ಸಂಖ್ಯೆಗೆ ಅರ್ಥ ಬರುತ್ತದೆ.

ಬರವಣಿಗೆ ಇದೇ ಪುಸ್ತಕದಲ್ಲಿ ಆಗಬೇಕು, ಬೇರೆ ಪುಸ್ತಕದಲ್ಲಿ ಅಲ್ಲ. ಪ್ರತಿದಿನದ ಅಂಕಿಯ ಪಕ್ಕದಲ್ಲಿ ಎರಡೇ ವಾಕ್ಯ: ಮಳೆ ಹೇಗೆ ಬಂತು, ಅದರಿಂದ ಏನಾಯಿತು. ಮಳೆಯ ರಜೆ ಕೊಟ್ಟ ದಿನ ಮಾಪಕ ನೋಡುವವರಿಲ್ಲದೆ ಎರಡು ದಿನದ ನೀರು ಒಟ್ಟಿಗೆ ಸೇರಿದ್ದರೆ, ಅದನ್ನು ಎರಡು ಭಾಗ ಮಾಡಿ ಸುಳ್ಳು ಅಂಕಿ ಬರೆಯುವ ಬದಲು ‘ಎರಡು ದಿನದ ಒಟ್ಟು, ನಿನ್ನೆ ನೋಡಿಲ್ಲ’ ಎಂದು ಬರೆಯಲು ಕಲಿಸಿ. ಮಳೆಗಾಲ ಮುಗಿದ ಮೇಲೆ ಅಂಕಿಗಳನ್ನು ತಿಂಗಳಿಗೆ ಬದಲಾಗಿ ಮಳೆ ನಕ್ಷತ್ರಗಳ ಪ್ರಕಾರವೂ ಕೂಡಿಸಿ ನೋಡಲಿ. ವರ್ಷದ 365 ದಿನಗಳನ್ನು ಇಪ್ಪತ್ತೇಳು ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ ಬರುತ್ತದೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದು ಅಜ್ಜಿ ಹೇಳುವ ಮಾತು ಈ ವರ್ಷದ ನಮ್ಮ ಪುಸ್ತಕಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಒಂದು ಪುಟ ಬರೆಯಲು ಹೇಳಿ. ಆ ಪ್ರಬಂಧ ಯಾವ ಗೈಡಿನಲ್ಲೂ ಸಿಗುವುದಿಲ್ಲ.

ಪ್ರಶ್ನೆ: ನನ್ನ ಮಗಳು ಹಾಸನದ ಶಾಲೆಯೊಂದರಲ್ಲಿ ಆರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅಲ್ಲಿ ಕಸ ತೂಗುವುದು, ಪ್ಲಾಸ್ಟಿಕ್ ಕವರ್ ಎಣಿಸುವುದು ಎಂದು ಗಣಿತದ ಅವಧಿಗಳನ್ನು ಕಳೆಯುತ್ತಾರೆ. ಪಾಠ ಮುಗಿಸುವುದು ಯಾವಾಗ? ಪರೀಕ್ಷೆಯ ಗತಿಯೇನು?

ಉತ್ತರ: ನಿಮ್ಮ ಆತಂಕದಲ್ಲಿ ಅರ್ಧ ನ್ಯಾಯವಿದೆ. ಮಗ್ಗಿಯನ್ನು ಕಸದ ರಾಶಿ ಕಲಿಸುವುದಿಲ್ಲ; ಕಾಗುಣಿತವನ್ನೂ ಕಲಿಸುವುದಿಲ್ಲ. ಅವಕ್ಕೆ ಕೂತು ಮಾಡುವ ಅಭ್ಯಾಸವೇ ಬೇಕು, ಅದನ್ನು ಬಿಟ್ಟು ಬರೀ ಬೀದಿ ಸುತ್ತಿಸುವ ಶಾಲೆಯ ಬಗ್ಗೆ ನಾನೂ ದೂರುತ್ತೇನೆ. ಆದರೆ ಕವರ್ ಎಣಿಸಿದ ಮೇಲೆ ಮುಂದೇನಾಯಿತು ಎಂದು ಮಗಳನ್ನು ಕೇಳಿ ನೋಡಿ. 2022ರ ಡಿಸೆಂಬರ್ 31ರಿಂದ ದೇಶದಲ್ಲಿ 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅದನ್ನು ಅಳೆಯುವ ಸಾಧನ ಶಾಲೆಯಲ್ಲಿ ಇರುವುದಿಲ್ಲ. ಸಂತೆಯಿಂದ ಬಂದ ಐವತ್ತು ಕವರ್‌ಗಳನ್ನು ತೊಳೆದು ಒಣಗಿಸಿ, ಹಿಡಿಕೆ ಕತ್ತರಿಸಿ, ಒಂದರ ಮೇಲೊಂದು ಒತ್ತಿ ಇಟ್ಟು ಸ್ಕೇಲ್ ಹಿಡಿದರೆ ನಾಲ್ಕು ಮಿ.ಮೀ. ಬಂತೆನ್ನಿ. ಒಂದು ಕವರಿಗೆ ಎರಡು ಪದರ, ಒಟ್ಟು ನೂರು ಪದರ. ಒಂದು ಪದರಕ್ಕೆ 0.04 ಮಿ.ಮೀ., ಅಂದರೆ 40 ಮೈಕ್ರಾನ್. ಭಾಗಾಕಾರ, ದಶಮಾಂಶ, ಪರಿಮಾಣಗಳ ಪರಿವರ್ತನೆ ಮೂರೂ ಒಂದೇ ಲೆಕ್ಕದಲ್ಲಿ ಮುಗಿದವು, ಮೂರೂ ಪಠ್ಯಕ್ರಮದಲ್ಲಿರುವುವೇ.

ಪರಿಸರ ಶಿಕ್ಷಣವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತ್ತು. ಅದರ ಫಲವಾಗಿ ಬಹಳಷ್ಟು ಕಡೆ ಪುಸ್ತಕದಲ್ಲಿ ಇನ್ನೊಂದು ಪಾಠ, ಪರೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿದ್ದಷ್ಟೇ ಆಯಿತು. ನಿಮ್ಮ ಮಗಳ ಶಾಲೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ಆಲೂರು, ಸಕಲೇಶಪುರ ಕಡೆಯ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕನಾಗಿದ್ದೇನೆ. ನಮ್ಮಲ್ಲಿ ಪರಿಸರದ ಸಮಸ್ಯೆ ಎಂದರೆ ಕಾಡಾನೆ. ಆನೆ ಬಂದ ದಿನ ಮಕ್ಕಳು ಶಾಲೆಗೇ ಬರುವುದಿಲ್ಲ. ಇಂಥ ಭಯದ ವಿಷಯವನ್ನು ತರಗತಿಯೊಳಗೆ ತರುವುದು ಸರಿಯೇ?

ಉತ್ತರ: ಅದು ಆಗಲೇ ತರಗತಿಯೊಳಗೆ ಬಂದು ಕೂತಿದೆ, ನೀವು ಅದರ ಬಗ್ಗೆ ಮಾತಾಡುವುದಿಲ್ಲ ಅಷ್ಟೇ. ಒಂದು ಎಚ್ಚರಿಕೆಯನ್ನು ಮೊದಲೇ ಹೇಳುತ್ತೇನೆ: ಯಾವ ಲೆಕ್ಕಕ್ಕಾಗಿಯೂ ಮಕ್ಕಳನ್ನು ತೋಟಕ್ಕಾಗಲಿ ಗದ್ದೆಗಾಗಲಿ ಕಳುಹಿಸಬಾರದು. ಆನೆ ದೂರ ಹೋಗಿದೆ ಎಂದು ಅರಣ್ಯ ಇಲಾಖೆಯ ಸಿಬ್ಬಂದಿ ಖಚಿತಪಡಿಸಿದ ಮೇಲೆ ದೊಡ್ಡವರೊಬ್ಬರು ಹೋಗಿ, ಗದ್ದೆಯ ಕೆಸರಿನಲ್ಲಿ ಮೂಡಿದ ಹೆಜ್ಜೆಯ ಸುತ್ತ ದಾರ ಹಾಕಿ, ಅಷ್ಟಕ್ಕೆ ಕತ್ತರಿಸಿ ತರಲಿ. ಮುಂಗಾಲಿನ ಹೆಜ್ಜೆ ದುಂಡಗಿರುತ್ತದೆ, ಹಿಂಗಾಲಿನದು ತುಸು ಉದ್ದಕ್ಕೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಭುಜದವರೆಗಿನ ಎತ್ತರ ಹೆಚ್ಚು ಕಡಿಮೆ ಸಿಗುತ್ತದೆ. ದಾರ ನಾಲ್ಕು ಅಡಿ ಮೂರು ಇಂಚು ಇದ್ದರೆ ಆನೆ ಎಂಟೂವರೆ ಅಡಿ. ಆ ಎತ್ತರಕ್ಕೆ ತರಗತಿಯ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಾಗ ಮಕ್ಕಳು ಒಂದು ಕ್ಷಣ ಸುಮ್ಮನಾಗುತ್ತಾರೆ. ಆಮೇಲೆ ವೃತ್ತದ ಪಾಠ ತೆಗೆಯಿರಿ: ದಾರವಿಲ್ಲದೆ ಬರೀ ವ್ಯಾಸ ಗೊತ್ತಿದ್ದರೆ ಏನು ಮಾಡುತ್ತೀರಿ?

ಸಂಖ್ಯಾಶಾಸ್ತ್ರಕ್ಕೂ ಇಲ್ಲಿ ಕೆಲಸವಿದೆ. ಆನೆ ಕಂಡ ಸುದ್ದಿಯನ್ನು ದಿನಾಂಕ, ಹೊತ್ತು, ಜಾಗ ಎಂದು ಒಂದು ವರ್ಷ ಬರೆದಿಟ್ಟರೆ, ಅಲ್ಲಿ ಸರಾಸರಿ ಏಕೆ ಕೆಲಸಕ್ಕೆ ಬರುವುದಿಲ್ಲ ಎಂಬುದು ತಾನೇ ಕಾಣುತ್ತದೆ. ಬೆಳಗಿನ ಆರು ಗಂಟೆ ಮತ್ತು ಸಂಜೆಯ ಆರು ಗಂಟೆಯ ಸರಾಸರಿ ನಡುಹಗಲು. ನಡುಹಗಲಿನಲ್ಲಿ ಆನೆಯೇ ಬಂದಿರುವುದಿಲ್ಲ. ಶಾಲೆಗೆ ಯಾವ ಹೊತ್ತಿಗೆ, ಯಾವ ದಾರಿಯಲ್ಲಿ ಬರಬೇಕೆಂದು ತೀರ್ಮಾನಿಸಲು ಬೇಕಾದದ್ದು ರೂಢಿಬೆಲೆ, ಅಂದರೆ ಅತಿ ಹೆಚ್ಚು ಸಲ ಬಂದ ಬೆಲೆ.

ಬರವಣಿಗೆಯ ಮಟ್ಟಿಗೆ, ವರದಿ ಬೇರೆ, ಅಳಲು ಬೇರೆ ಎಂಬುದನ್ನು ಕಲಿಸಲು ಪತ್ರಿಕೆಗಳನ್ನೇ ಬಳಸಿ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ದಸರಾ ಆನೆ ಅರ್ಜುನ ಸತ್ತಾಗ ಬಂದ ಬರಹಗಳನ್ನು ಹುಡುಕಿ ತರಲು ಹೇಳಿ. ನಡೆದದ್ದನ್ನು ಹೇಳುವ ವಾಕ್ಯಗಳಿಗೆ ನೀಲಿ ಗೆರೆ, ದುಃಖವನ್ನೋ ಸಿಟ್ಟನ್ನೋ ಹೇಳುವ ವಾಕ್ಯಗಳಿಗೆ ಕೆಂಪು ಗೆರೆ. ಎರಡೂ ಬೇಕಾದವೇ, ಆದರೆ ಒಂದರ ವೇಷದಲ್ಲಿ ಇನ್ನೊಂದು ಬಂದಾಗ ಗುರುತಿಸುವುದು ಹೇಗೆಂದು ಹತ್ತನೆಯ ತರಗತಿಯ ಹೊತ್ತಿಗಾದರೂ ತಿಳಿದಿರಬೇಕು.

ಪ್ರಶ್ನೆ: ಕಡೂರು ತಾಲ್ಲೂಕಿನ ಶಾಲೆಯೊಂದರ ಮುಖ್ಯ ಶಿಕ್ಷಕಿ ನಾನು. ಊರ ಕೆರೆಯ ಬಗ್ಗೆ ಮಕ್ಕಳು ಪಂಚಾಯಿತಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಅದೂ ಅಲ್ಲದೆ ಸದಸ್ಯರೊಬ್ಬರು ‘ಮಕ್ಕಳ ಕೈಯಲ್ಲಿ ರಾಜಕೀಯ ಮಾಡಿಸುತ್ತೀರಾ ಮೇಡಂ’ ಎಂದು ಕೇಳಿದರು. ಮಕ್ಕಳು ಬೇಸರಗೊಂಡಿದ್ದಾರೆ. ಪತ್ರದ ಪ್ರತಿಯನ್ನು ಇದರೊಂದಿಗೆ ಕಳುಹಿಸಿದ್ದೇನೆ.

ಉತ್ತರ: ಪತ್ರವನ್ನು ಓದಿದೆ. ‘ನಮ್ಮ ಊರಿನ ಕೆರೆ ಹಾಳಾಗಿದೆ. ಅಧಿಕಾರಿಗಳು ಕಣ್ಣು ಮುಚ್ಚಿ ಕುಳಿತಿದ್ದಾರೆ. ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು.’ ಕ್ಷಮಿಸಿ, ಇದು ಮಕ್ಕಳ ಮಾತಲ್ಲ. ದಿನಪತ್ರಿಕೆಯ ವಾಚಕರ ವಾಣಿಯಿಂದ ಎತ್ತಿಕೊಂಡದ್ದು. ಪಂಚಾಯಿತಿಯವರಿಗೆ ಇದರಲ್ಲಿ ಬೈಗುಳ ಮಾತ್ರ ಕಂಡಿದ್ದರೆ ಆಶ್ಚರ್ಯವಿಲ್ಲ. ಸೂಕ್ತ ಕ್ರಮ ಎಂದರೆ ಯಾವ ಕ್ರಮ ಎಂದು ಕೇಳಿದರೆ ಬರೆದವರಿಗೂ ಹೇಳಲು ಬರುವುದಿಲ್ಲ.

ಅದೇ ಪತ್ರದ ಕೊನೆಯಲ್ಲಿ ಒಂದು ಮಗು ‘ತೂಬು ಮುಚ್ಚಿದರೂ ನೀರು ಹೋಗುತ್ತದೆ’ ಎಂದು ಬೇರೆ ಅಕ್ಷರದಲ್ಲಿ ಸೇರಿಸಿದೆ. ಇಡೀ ಪತ್ರದಲ್ಲಿ ಜೀವವಿರುವ ವಾಕ್ಯ ಅದೊಂದೇ. ಅಲ್ಲಿಂದ ಮತ್ತೆ ಶುರು ಮಾಡಿ. ಕೆರೆಯ ನೀರಿನ ಕಡೆಗೆ ಮಕ್ಕಳನ್ನು ಇಳಿಸಬೇಡಿ. ಏರಿಯ ಕೆಳಗೆ, ತೂಬಿನ ನೀರು ಕಾಲುವೆಗೆ ಬೀಳುವಲ್ಲಿ ನೀವೂ ನಿಂತು, ಒಂದು ಬಕೆಟ್ ಹಿಡಿಸಿ, ತುಂಬಲು ಎಷ್ಟು ಹೊತ್ತು ಬೇಕೆಂದು ನೋಡಿ. ಹದಿನೈದು ಲೀಟರಿನ ಬಕೆಟ್ ಐವತ್ತು ಸೆಕೆಂಡಿನಲ್ಲಿ ತುಂಬಿತೆಂದುಕೊಳ್ಳಿ. ನಿಮಿಷಕ್ಕೆ 18 ಲೀಟರ್, ಗಂಟೆಗೆ 1,080, ದಿನಕ್ಕೆ 25,920 ಲೀಟರ್. ಮೂರು ಸಲ ಅಳೆಯಲಿ, ಮೂರೂ ಸಲ ಬೇರೆ ಬೇರೆ ಬಂದರೆ ಹಾಗೆಯೇ ಬರೆಯಲಿ. ಬೇಸಿಗೆಗೆ ಕೆರೆ ತಗ್ಗುವುದಕ್ಕೆ ಬಿಸಿಲೂ ಕಾರಣ, ಅಚ್ಚುಕಟ್ಟಿಗೆ ಬಿಟ್ಟ ನೀರೂ ಕಾರಣ. ಎಲ್ಲವನ್ನೂ ಸೋರಿಕೆಯ ಮೇಲೆ ಹೊರಿಸಬಾರದು ಎಂಬುದನ್ನೂ ಚರ್ಚಿಸಿ.

ಇನ್ನು ಪತ್ರ. ಕರ್ನಾಟಕದ ಮಾಹಿತಿ ಹಕ್ಕು ನಿಯಮಗಳಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ ನೂರೈವತ್ತು ಪದ ಮೀರಬಾರದು ಎಂದಿದೆ. ಆ ನಿಯಮದ ಬಗ್ಗೆ ಅರ್ಜಿದಾರರಿಗೆ ಅಸಮಾಧಾನವಿರಬಹುದು, ಭಾಷಾ ಶಿಕ್ಷಕನಾಗಿ ನನಗೆ ಅದು ಅಚ್ಚುಮೆಚ್ಚು. ಅದೇ ಅಳತೆಯನ್ನು ಮಕ್ಕಳಿಗೂ ಹಾಕಿ: ನೂರೈವತ್ತು ಪದ, ಒಂದು ವಿಷಯ, ಒಂದು ಕೋರಿಕೆ. ‘ತೂಬಿನ ಬಾಗಿಲು ಮುಚ್ಚಿದ್ದರೂ ನಿಮಿಷಕ್ಕೆ ಸುಮಾರು ಹದಿನೆಂಟು ಲೀಟರ್ ನೀರು ಕಾಲುವೆಗೆ ಬೀಳುತ್ತಿದೆ. ಇದನ್ನು ನಾವು ಇಂಥ ದಿನ, ಹೀಗೆ ಅಳೆದೆವು. ಬಾಗಿಲನ್ನು ದುರಸ್ತಿ ಮಾಡಿಸಲು ಕೋರುತ್ತೇವೆ.’ ಕುಳಿತಿದ್ದಾರೆ, ಮುಚ್ಚಿದ್ದಾರೆ ಎಂಬ ಮಾತು ಎಲ್ಲೂ ಬೇಡ. ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಇದನ್ನು ಓದಿಸಿ. ಅಲ್ಲಿ ಮಕ್ಕಳು ಕೇಳುವುದನ್ನು ಯಾರೂ ರಾಜಕೀಯ ಎನ್ನಲಾಗದು, ಸಭೆ ಇರುವುದೇ ಅದಕ್ಕೆ. ಆಗಲೂ ಉತ್ತರ ಬರದಿದ್ದರೆ ಪೋಷಕರೊಬ್ಬರು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾಯ್ದೆ.

ಪ್ರಶ್ನೆ: ಹೇಮಾವತಿ ಜಲಾಶಯದ ಮಟ್ಟವನ್ನು ದಿನವೂ ಪತ್ರಿಕೆಯಿಂದ ಬರೆಸುತ್ತೇನೆ. ಟಿಎಂಸಿ ಎಂದರೆ ಎಷ್ಟೆಂದು ಎಂಟನೆಯ ತರಗತಿಯ ಮಕ್ಕಳಿಗೆ ಹೇಗೆ ತೋರಿಸಲಿ? (ಹಾಸನ ತಾಲ್ಲೂಕಿನ ಶಿಕ್ಷಕರು)

ಉತ್ತರ: ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಸಾವಿರ ಅಡಿ ಉದ್ದ, ಸಾವಿರ ಅಡಿ ಅಗಲ, ಸಾವಿರ ಅಡಿ ಎತ್ತರದ ಒಂದು ಪೆಟ್ಟಿಗೆ. ಘನಗಳ ಪಾಠಕ್ಕೆ ಸರಿಯಾಗಿ ಕೂರುತ್ತದೆ. ಗೊರೂರಿನಲ್ಲಿರುವ ಹೇಮಾವತಿ ಅಣೆಕಟ್ಟೆಯ ಪೂರ್ಣ ಸಾಮರ್ಥ್ಯ 37.103 ಟಿಎಂಸಿ, ಅಂದರೆ ಅಂಥ ಮೂವತ್ತೇಳು ಪೆಟ್ಟಿಗೆಗಿಂತ ತುಸು ಹೆಚ್ಚು. ಒಳಹರಿವು ದಿನವಿಡೀ 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಇದ್ದರೆ ಒಂದು ಪೆಟ್ಟಿಗೆ ತುಂಬುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತೆಂದು ಮಕ್ಕಳೇ ಕಂಡುಹಿಡಿಯಲಿ, ದಿನಕ್ಕೆ 86,400 ಸೆಕೆಂಡ್ ಎಂಬ ಸುಳಿವು ಸಾಕು. ಗರಿಷ್ಠ ಮಟ್ಟ 2,922 ಅಡಿ ಎಂದು ಬರೆಸುವಾಗ ಮಾತ್ರ ಸ್ವಲ್ಪ ನಿಲ್ಲಿ. ಅದು ನೀರಿನ ಆಳವೆಂದು ಬಹುಪಾಲು ಮಕ್ಕಳು, ಎಷ್ಟೋ ದೊಡ್ಡವರು ಕೂಡ ತಿಳಿದಿದ್ದಾರೆ. ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ಹಾಗಿದ್ದರೆ ನಮ್ಮ ಶಾಲೆ ಇರುವುದು ಎಷ್ಟು ಅಡಿಯಲ್ಲಿ ಎಂದು ಯಾರಾದರೂ ಕೇಳಿದರೆ, ಅಂದಿನ ಅವಧಿಯನ್ನು ಅವರಿಗೇ ಬಿಟ್ಟುಕೊಡಿ.