ಒಂದೇ ವಸ್ತು ಒಬ್ಬರಿಗೆ ಕಡು ಕಹಿ, ಇನ್ನೊಬ್ಬರಿಗೆ ಸಪ್ಪೆ. ಯಾಕೆ ಹೀಗೆ?

ಇದು ನಾಟಕ ಅಲ್ಲ, ನಾಲಿಗೆಯೇ ಬೇರೆ. ಗೊತ್ತಾಗಿದ್ದು ಮಾತ್ರ ಆಕಸ್ಮಿಕವಾಗಿ. 1930ರ ಆಸುಪಾಸಿನಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಲ್ಯಾಬಿನಲ್ಲಿ ರಸಾಯನ ವಿಜ್ಞಾನಿ ಆರ್ಥರ್ ಫಾಕ್ಸ್ ಪಿಟಿಸಿ ಎಂಬ ರಾಸಾಯನಿಕ ಪುಡಿಯನ್ನು ಬಾಟಲಿಗೆ ಹಾಕುತ್ತಿದ್ದರು. ಒಂದಿಷ್ಟು ಪುಡಿ ಗಾಳಿಗೆ ಹಾರಿತು. ಜೊತೆಗಿದ್ದವರು ಬಾಯೆಲ್ಲ ಕಹಿ ಎಂದು ದೂರಿದರು. ಫಾಕ್ಸ್‌ಗೆ ಏನೂ ಅನಿಸಲಿಲ್ಲ!

ಇದಕ್ಕೆ ಮುಖ್ಯ ಕಾರಣ 7ನೇ ಕ್ರೋಮೋಸೋಮಿನಲ್ಲಿರುವ ಟಿಎಎಸ್2ಆರ್38 ಜೀನ್. ಇದು ಪತ್ತೆಯಾಗಿದ್ದು 2003ರಲ್ಲಿ. ಕಹಿ ಗುರುತಿಸುವ ಸುಮಾರು 25 ಜೀನ್‌ಗಳು ನಮ್ಮಲ್ಲಿವೆ, ಇದು ಅವುಗಳಲ್ಲಿ ಒಂದು. ಇದರಲ್ಲಿ ಎರಡು ರೂಪಗಳು ಜಾಸ್ತಿ ಕಾಣುತ್ತವೆ: ಒಂದು ಕಹಿಯನ್ನು ಚೆನ್ನಾಗಿ ಹಿಡಿಯುತ್ತದೆ, ಇನ್ನೊಂದು ಮಂದ. ವ್ಯತ್ಯಾಸ ಮೂರೇ ಅಮೈನೋ ಆಮ್ಲಗಳದ್ದು, ಅಂದರೆ ಪ್ರೋಟೀನ್ ಕಟ್ಟುವ ಮೂರು ತುಣುಕುಗಳದ್ದು. ಅಪ್ಪ, ಅಮ್ಮ ಇಬ್ಬರಿಂದಲೂ ಮಂದ ರೂಪವೇ ಬಂದರೆ ಪಿಟಿಸಿ ಸಪ್ಪೆ ಅನಿಸುತ್ತದೆ. ಎಲೆಕೋಸು, ಸಾಸಿವೆ ಜಾತಿಯ ಗಿಡಗಳಲ್ಲೂ ಇಂಥದ್ದೇ ಕಹಿ ಅಂಶಗಳಿವೆ. ಜಾಸ್ತಿಯಾದರೆ ಥೈರಾಯ್ಡ್‌ಗೆ ತೊಂದರೆ. ಕಹಿ ಒಂಥರಾ ಎಚ್ಚರಿಕೆ ಗಂಟೆ, ಅಲ್ವಾ?

ನನಗೆ ಇಷ್ಟವಾದ ಭಾಗ ಚಿಂಪಾಂಜಿಗಳದ್ದು. 1939ರಲ್ಲಿ ಫಿಶರ್, ಫೋರ್ಡ್, ಹಕ್ಸ್‌ಲಿ ಎಂಬ ವಿಜ್ಞಾನಿಗಳು ಮೃಗಾಲಯದ ಚಿಂಪಾಂಜಿಗಳಿಗೆ ಪಿಟಿಸಿ ಕುಡಿಸಿ ನೋಡಿದರು. ಅವುಗಳಲ್ಲೂ ಕೆಲವಕ್ಕೆ ಕಹಿ, ಕೆಲವಕ್ಕೆ ಇಲ್ಲ. ಹಾಗಾದರೆ ಈ ಭೇದ ನಮ್ಮಿಬ್ಬರ ಪೂರ್ವಜರ ಕಾಲದ್ದು ಎಂದುಕೊಂಡರು. 2006ರಲ್ಲಿ ಜೀನ್ ನೋಡಿದಾಗ ಲೆಕ್ಕ ತಪ್ಪಿತ್ತು: ಚಿಂಪಾಂಜಿಯಲ್ಲಿ ಕೆಟ್ಟಿದ್ದು ಜೀನಿನ ಬೇರೆಯದೇ ಜಾಗ. ಒಂದೇ ಗುಣ ಎರಡು ಸಲ ಬೇರೆ ಬೇರೆಯಾಗಿ ಹುಟ್ಟಿತ್ತು. ಆದರೆ ಸ್ಪೇನಿನಲ್ಲಿ ಸಿಕ್ಕ ಒಬ್ಬ ನಿಯಾಂಡರ್ತಲ್ ಮಾನವನ (ನಮ್ಮ ಹತ್ತಿರದ, ಅಳಿದುಹೋದ ಬಂಧು) ಮೂಳೆಯ ಡಿಎನ್‌ಎಯಲ್ಲಿ, ಈ ಜೀನಿನ ಒಂದು ಮುಖ್ಯ ಜಾಗದಲ್ಲಿ, ನಮ್ಮ ಎರಡೂ ರೂಪಗಳ ಗುರುತಿತ್ತು.

ಅಂದಹಾಗೆ, ಹಾಗಲಕಾಯಿ ತಿನ್ನದವರು ಈ ಜೀನ್ ಮೇಲೆ ತಪ್ಪು ಹೊರಿಸಬೇಡಿ. ಅದರ ಕಹಿಯ ದಾರಿ ಬೇರೆ.