‘ಐ ಗೋ’ ಎನ್ನಬೇಕೋ, ‘ಐ ಆ್ಯಮ್ ಗೋಯಿಂಗ್’ ಎನ್ನಬೇಕೋ?

‘ದಿನವೂ ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಹೋಗುತ್ತೇನೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ಕೇಳಿದ್ದೀರಿ. ಇದು ನಿತ್ಯದ ರೂಢಿಯಾದ್ದರಿಂದ ‘ಐ ಗೋ ಟು ಮೈಸೂರು ಬೈ ಟ್ರೇನ್ ಎವೆರಿ ಡೇ’ ಎಂಬ ಸಾಮಾನ್ಯ ವರ್ತಮಾನವೇ ಸರಿ. ನಮ್ಮ ಕಡೆ ಕೇಳಿಬರುವ ‘ಡೈಲಿ ಐ ಆ್ಯಮ್ ಗೋಯಿಂಗ್’ ಎಂಬುದು ಅರ್ಥವಾಗುತ್ತದಾದರೂ ಸಂದರ್ಶನದಲ್ಲಿ ತಪ್ಪೆಂದು ಎದ್ದು ಕಾಣುತ್ತದೆ. ಅದೇ ರೈಲು ಪಾಂಡವಪುರ ದಾಟುವಾಗ ಮನೆಯಿಂದ ಕರೆ ಬಂದರೆ, ಆ ಹೊತ್ತಿಗೆ ನಡೆಯುತ್ತಿರುವ ಕ್ರಿಯೆಯಾದ್ದರಿಂದ, ‘ಐ ಆ್ಯಮ್ ಗೋಯಿಂಗ್ ಟು ಮೈಸೂರು’ ಎನ್ನಬೇಕು. ನಾಳೆಯ ಪಯಣ ಮೊದಲೇ ನಿಶ್ಚಯವಾಗಿದ್ದರೂ ಇದೇ ರೂಪ ‘ಟುಮಾರೋ’ ಜೊತೆ ನಡೆಯುತ್ತದೆ. ಕನ್ನಡದ ‘ಹೋಗುತ್ತೇನೆ’ ರೂಢಿಗೂ ನಾಳೆಗೂ ಒಂದೇ ಆಗಿರುವುದರಿಂದ ಗೊಂದಲ ಹುಟ್ಟುವುದು ಇಲ್ಲಿಯೇ. ‘ನೋ’ (know, ತಿಳಿದಿರು), ‘ವಾಂಟ್’ (ಬೇಕು) ಮುಂತಾಗಿ ಸ್ಥಿತಿಯನ್ನು ಹೇಳುವ ಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಸೇರುವುದಿಲ್ಲ.

ಕ್ರಿಯಾಪದದ ಆಯ್ಕೆ ಇನ್ನೂ ತೊಡಕಿನದು. ನಮ್ಮ ‘ಹಾಕು’ ಎಲ್ಲಕ್ಕೂ ಒದಗುತ್ತದೆ, ಆದರೆ ಇಂಗ್ಲಿಷಿನಲ್ಲಿ ಫ್ಯಾನಿಗೆ ‘ಟರ್ನ್ ಆನ್’, ಬಾಗಿಲಿಗೆ ‘ಕ್ಲೋಸ್’, ಬೀಗಕ್ಕೆ ‘ಲಾಕ್’, ಅಂಗಿ ತೊಡುವ ಕ್ರಿಯೆಗೆ ‘ಪುಟ್ ಆನ್’, ತೊಟ್ಟುಕೊಂಡಿರುವ ಸ್ಥಿತಿಗೆ ‘ವೇರ್’. ಊಟಕ್ಕೂ ಕಾಫಿಗೂ ‘ಹ್ಯಾವ್’ ಸಾಕು. ಊಟವಾಯಿತೇ ಎಂದು ಕೇಳಿದರೆ ‘ಐ ಹ್ಯಾವ್ ಹ್ಯಾಡ್ ಲಂಚ್’ ಎನ್ನಬಹುದು. ‘ಯೆಸ್ಟರ್‌ಡೇ’ ಎಂದು ಕಾಲವನ್ನು ಸೂಚಿಸಿದರೆ ಬರಿಯ ‘ಹ್ಯಾಡ್’ ಮಾತ್ರ ಸರಿ.